ಬೂಸ್ಟ್ ಮುಳ್ಳು ಹೇಳದ ಲೆಕ್ಕ

ದಾವಣಗೆರೆಯ ಪಿ.ಬಿ. ರಸ್ತೆ ಆಸುಪಾಸಿನ ಗ್ಯಾರೇಜುಗಳಲ್ಲಿ ಟರ್ಬೋ ಮಾತು ಬಂದರೆ ಹುಡುಗರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಬಾರ್ ಬೂಸ್ಟ್ ಅಣ್ಣ?" ಒಂದು ಬಾರ್ ಅಂದರೆ ಪರವಾಗಿಲ್ಲ, ಒಂದೂವರೆ ಅಂದರೆ ಹುಲಿ. ಇದರ ಬೆನ್ನಿಗೇ ಇನ್ನೊಂದು ನಂಬಿಕೆ ಬರುತ್ತದೆ: ಟರ್ಬೋ ದೊಡ್ಡದಾದಷ್ಟೂ ಕಾರು ಜಾಸ್ತಿ ಓಡುತ್ತದೆ. ಈ ಎರಡೂ ತಪ್ಪು. ದುಡ್ಡು ಹೋಗುವುದು ಮಾತ್ರ ಅಲ್ಲ, ಚೆನ್ನಾಗಿದ್ದ ಇಂಜಿನ್ನೂ ಹೋಗುತ್ತದೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು ಅನ್ನಿಸುತ್ತದೆ.

ಇಂಜಿನ್ ಬಿಡುವ ಹೊಗೆಯಿಂದ ಟರ್ಬೈನ್ ಅನ್ನುವ ಒಂದು ಚಕ್ರ ತಿರುಗಿ, ಅದೇ ಅಚ್ಚಿನಲ್ಲಿರುವ ಕಂಪ್ರೆಸರ್ ಅನ್ನುವ ಇನ್ನೊಂದು ಚಕ್ರ ಇಂಜಿನ್‌ಗೆ ಗಾಳಿ ಒತ್ತುತ್ತದೆ, ಟರ್ಬೋ ಅಂದರೆ ಇದೇ. ಬೂಸ್ಟ್ ಅಂದರೆ ಹೊರಗಿನ ಗಾಳಿಗಿಂತ ಜಾಸ್ತಿಯಾದ ಒತ್ತಡ, ಅದರ ಅಳತೆ ಬಾರ್. ಇಂಜಿನ್‌ಗೆ ಬೇಕಾಗಿರುವುದು ಗಾಳಿ, ಅದೂ ತೂಕದ ಲೆಕ್ಕದಲ್ಲಿ. ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಮೋಟಾರ್ ಓಡುತ್ತಿರುವಾಗ ಗೇಟ್‌ವಾಲ್ ಅರ್ಧ ಮುಚ್ಚಿ ನೋಡಿ. ಪಂಪಿನ ಪಕ್ಕದ ಗೇಜಿನ ಮುಳ್ಳು ಮೇಲೇರುತ್ತದೆ, ತೋಟಕ್ಕೆ ಹೋಗುವ ನೀರು ಕಮ್ಮಿಯಾಗುತ್ತದೆ. ಮುಳ್ಳು ಏರಿತು ಅಂತ ಯಾವ ರೈತನೂ ಖುಷಿಪಡುವುದಿಲ್ಲ. ಪಂಪ್ ಕೊಳ್ಳುವಾಗಲೂ ಅವರು ಎರಡು ಲೆಕ್ಕ ಕೇಳುತ್ತಾರೆ: ಎಷ್ಟು ಎತ್ತರಕ್ಕೆ, ಎಷ್ಟು ಲೀಟರ್. ಟರ್ಬೋ ಕಂಪನಿಗಳು ಕೊಡುವ ಕಂಪ್ರೆಸರ್ ಮ್ಯಾಪ್ ಅನ್ನುವ ನಕ್ಷೆ ಕೂಡ ಇದೇ. ಮೇಲಕ್ಕೆ ಒತ್ತಡದ ಅನುಪಾತ (ಹೊರಬರುವ ಗಾಳಿಯ ಒತ್ತಡ ಒಳಹೋಗುವ ಗಾಳಿಯದಕ್ಕಿಂತ ಎಷ್ಟು ಪಟ್ಟು), ಅಡ್ಡಕ್ಕೆ ನಿಮಿಷಕ್ಕೆ ಎಷ್ಟು ಗಾಳಿ. ಹತ್ತು ಎಚ್‌ಪಿ ಬಾವಿಗೆ ಇಪ್ಪತ್ತು ಎಚ್‌ಪಿ ಮೋಟಾರ್ ಇಳಿಸದ ಊರಿನಲ್ಲಿ ಕಾರಿಗೆ ಮಾತ್ರ ಹೀಗೆ ಯಾಕೆ ಮಾಡುತ್ತಾರೋ!

ಒಂದು ಲೆಕ್ಕ ಹಾಕೋಣ. ಎರಡು ಲೀಟರ್ ಪೆಟ್ರೋಲ್ ಇಂಜಿನ್, 6,500 ಆರ್‌ಪಿಎಂ. ಎರಡು ಸುತ್ತಿಗೆ ಒಂದು ಸಲ ಪೂರ್ತಿ ಉಸಿರೆಳೆಯುವುದರಿಂದ ನಿಮಿಷಕ್ಕೆ 6,500 ಲೀಟರ್ ಗಾಳಿ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಶೇಕಡಾ 95 ಅಂತ ಇಟ್ಟುಕೊಂಡರೆ ಸುಮಾರು 6,200 ಲೀಟರ್. ಒಂದು ಬಾರ್ ಬೂಸ್ಟ್ ಕೊಟ್ಟು, ಇಂಟರ್‌ಕೂಲರ್ (ಟರ್ಬೋದಲ್ಲಿ ಕಾದ ಗಾಳಿಯನ್ನು ತಣಿಸುವ ರೇಡಿಯೇಟರ್) ದಾಟಿದ ಗಾಳಿ 50 ಡಿಗ್ರಿ ಇದ್ದರೆ ತೂಕ ಹತ್ತಿರಹತ್ತಿರ 13 ಕೆಜಿ. ಪೆಟ್ರೋಲ್ ಇಂಜಿನ್‌ನಲ್ಲಿ ನಿಮಿಷಕ್ಕೆ ಒಂದು ಕೆಜಿ ಗಾಳಿಗೆ ಸುಮಾರು 22 ಎಚ್‌ಪಿ ಸಿಗುತ್ತದೆ. ಅಂದರೆ 285 ಎಚ್‌ಪಿ ಆಸುಪಾಸು. ಈ 13 ಕೆಜಿಯನ್ನು ಆರಾಮಾಗಿ ಕೊಡುವ ಟರ್ಬೋ ಸಾಕು. 25 ಕೆಜಿ ಕೊಡುವ ಟರ್ಬೋ ತಂದು ಹಾಕಿದರೆ ಮಿಕ್ಕ 12 ಕೆಜಿ ಯಾರಿಗೆ?

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ 730ರ ಹತ್ತಿರ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಶೇಕಡಾ ಏಳೆಂಟು ಕಮ್ಮಿ. ಅದೇ ಒಂದು ಬಾರ್ ಬೂಸ್ಟ್‌ಗೆ ಮಂಗಳೂರಿಗಿಂತ ಇಲ್ಲಿ ಟರ್ಬೋ ಸ್ವಲ್ಪ ಜಾಸ್ತಿ ದುಡಿಯಬೇಕು. ಮ್ಯಾಪ್ ನೋಡುವಾಗ ಇದನ್ನು ಮರೆಯಬಾರದು.

ಎತ್ತರದ ಮಾತು ಬಂದಾಗ ನನಗೆ ಯಾವಾಗಲೂ ಪೈಕ್ಸ್ ಪೀಕ್ ನೆನಪಾಗುತ್ತದೆ. ಟರ್ಬೋ ಹುಟ್ಟಿದ್ದು ಕಾರಿಗಾಗಿ ಅಲ್ಲ. ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡರು. ಸುಮ್ನೆ ಹೊರಗೆ ಹೋಗುವ ಬಿಸಿ ಹೊಗೆಯಿಂದ ಕೆಲಸ ತೆಗೆಯಬೇಕು ಅನ್ನೋದು ಅವರ ಹಟ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಲಿಬರ್ಟಿ ವಿಮಾನದ ಇಂಜಿನ್ ಒಂದನ್ನು ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟಕ್ಕೆ, 4,300 ಮೀಟರ್ ಎತ್ತರಕ್ಕೆ, ಸಾಗಿಸಿದರು. ತೆಳುಗಾಳಿಯಲ್ಲಿ ಸುಸ್ತಾಗಿದ್ದ ಇಂಜಿನ್‌ಗೆ ಟರ್ಬೋ ಜೋಡಿಸಿದಾಗ ಕಳೆದುಹೋಗಿದ್ದ ಶಕ್ತಿ ವಾಪಸ್ ಬಂತು. ಮುಂದೆ 1920ರ ದಶಕದಲ್ಲಿ ಬ್ಯೂಕಿ ಅವರ ಟರ್ಬೋ ಹಡಗಿನ ಡೀಸೆಲ್ ಇಂಜಿನ್‌ಗಳಿಗೆ ಬಂತು.

ಹಡಗು, ವಿಮಾನ. ಎರಡೂ ಗಂಟೆಗಟ್ಟಲೆ ಒಂದೇ ವೇಗದಲ್ಲಿ ತಿರುಗುವ ಇಂಜಿನ್‌ಗಳು. ಟರ್ಬೋ ತಿರುಗಲು ಎರಡು ಸೆಕೆಂಡ್ ತಡವಾದರೆ ಅಲ್ಲಿ ಕೇಳುವವರಿಲ್ಲ. 1962ರಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕೋರ್ವೇರ್ ಮೂಲಕ ಟರ್ಬೋ ಮಾಮೂಲಿ ಕಾರಿಗೆ ಬಂದಾಗ ತೊಂದರೆ ಶುರುವಾಯಿತು. ಕಾರಿನ ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ, ಬಿಡುತ್ತಾನೆ, ಮತ್ತೆ ಒತ್ತುತ್ತಾನೆ. ಪ್ರತಿ ಸಲವೂ ಟರ್ಬೋದ ಚಕ್ರ ಮೊದಲಿನಿಂದ ವೇಗ ಹಿಡಿಯಬೇಕು.

ಇಲ್ಲೇ ನನಗೆ ತುಂಬಾ ಇಷ್ಟವಾದ ಗಣಿತ ಇರೋದು. ತಿರುಗುವ ಚಕ್ರ ಒಂದರ ಜಡತ್ವ ಅದರ ಅಗಲದ ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಎಲ್ಲ ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ತೂಕ ಮೂರನೇ ಘಾತದಲ್ಲಿ ಏರುತ್ತದೆ. ಆ ತೂಕ ನಡುವಿನಿಂದ ದೂರ ಹೋಗುವುದರಿಂದ ಇನ್ನೂ ಎರಡು ಘಾತ ಸೇರುತ್ತವೆ. ಗ್ಯಾರೆಟ್ ಕಂಪನಿಯ ಜಿಟಿ2860 ಟರ್ಬೋದ ಹೆಸರಿನ ಕೊನೆಯ 60 ಅಂದರೆ ಕಂಪ್ರೆಸರ್ ಚಕ್ರದ ಹೊರ ಅಗಲ, ಮಿಲಿಮೀಟರ್‌ನಲ್ಲಿ. ಜಿಟಿ3076ರಲ್ಲಿ ಅದು 76. ಕೈಯಲ್ಲಿ ಹಿಡಿದರೆ ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ. ಆದರೆ ಆಕಾರ ಒಂದೇ ಅಂತಿಟ್ಟುಕೊಂಡರೆ ಜಡತ್ವ ಮೂರು ಪಟ್ಟಿಗಿಂತ ಜಾಸ್ತಿ! ದೊಡ್ಡ ಚಕ್ರ ಅಷ್ಟೇ ಒತ್ತಡ ಕೊಡಲು ನಿಧಾನವಾಗಿ ತಿರುಗಿದರೆ ಸಾಕು, ಯಾಕೆಂದರೆ ಒತ್ತಡ ಹುಟ್ಟುವುದು ಅಂಚಿನ ವೇಗದಿಂದ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಚಕ್ರವನ್ನು ವೇಗಕ್ಕೆ ತರಲು ಎರಡು ಪಟ್ಟು ಶಕ್ತಿ ಬೇಕು. ಟರ್ಬೈನ್ ಕಡೆಯ ಚಕ್ರ ನಿಕ್ಕಲ್ ಮಿಶ್ರಲೋಹದ್ದು, ಅಲ್ಯೂಮಿನಿಯಂ ಕಂಪ್ರೆಸರ್‌ಗಿಂತ ತುಂಬಾ ಭಾರ. ಅದೂ ಜೊತೆಯಲ್ಲೇ ದೊಡ್ಡದಾಗುತ್ತದೆ. ಈ ಶಕ್ತಿ ಬರಬೇಕಾದ್ದು ಹೊಗೆಯಿಂದ, ಕೆಳಗಿನ ಆರ್‌ಪಿಎಂನಲ್ಲಿ ಹೊಗೆಯೇ ಕಮ್ಮಿ.

ಹಾಗಾದರೆ ಚಿಕ್ಕದೇ ಹಾಕೋಣ್ವಾ? ಅದೂ ನಡೆಯಲ್ಲ. ಟರ್ಬೋವನ್ನು ಅದರ ಮಿತಿ ದಾಟಿಸಿದರೆ ಕಂಪ್ರೆಸರ್ ಗಾಳಿ ಒತ್ತುವುದಕ್ಕಿಂತ ಕಾಯಿಸುವುದೇ ಜಾಸ್ತಿ. 35 ಡಿಗ್ರಿ ಬಿಸಿಲಿನಲ್ಲಿ ಒಂದು ಬಾರ್ ಬೂಸ್ಟ್‌ಗೆ, ಕಂಪ್ರೆಸರ್ ದಕ್ಷತೆ ಶೇಕಡಾ 75 ಇದ್ದರೆ ಗಾಳಿ ಸುಮಾರು 130 ಡಿಗ್ರಿಯಲ್ಲಿ ಹೊರಬರುತ್ತದೆ. ದಕ್ಷತೆ 60ಕ್ಕೆ ಇಳಿದರೆ 150 ದಾಟುತ್ತದೆ. ಗೇಜಿನಲ್ಲಿ ಮುಳ್ಳು ಎರಡಕ್ಕೂ ಒಂದೇ ಕಡೆ! ನಮ್ಮ ಬಂಕುಗಳ ಮಾಮೂಲಿ ಪೆಟ್ರೋಲಿಗೆ ಈ ಬಿಸಿ ನಾಕಿಂಗ್‌ಗೆ, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದಕ್ಕೆ, ಆಹ್ವಾನ. ಪಿಸ್ಟನ್ ಮುರಿಯುವುದು ಹೀಗೆ. ಆಮೇಲೆ "ಇಂಜಿನ್‌ಗೆ ಟರ್ಬೋ ಆಗಿಬರಲಿಲ್ಲ" ಅನ್ನುತ್ತಾರೆ. ಆಗಿಬರುವುದು ಬಿಡುವುದು ಏನಿಲ್ಲ, ಲೆಕ್ಕ ತಪ್ಪಿತ್ತು ಅಷ್ಟೇ.

ದೊಡ್ಡ ಕಂಪ್ರೆಸರ್‌ಗೆ ಬೇರೆ ರೋಗ. ಕೆಳಗಿನ ಆರ್‌ಪಿಎಂನಲ್ಲಿ ಇಂಜಿನ್ ನುಂಗುವಷ್ಟಕ್ಕಿಂತ ಜಾಸ್ತಿ ಒತ್ತಿದರೆ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಇದಕ್ಕೆ ಸರ್ಜ್ ಅನ್ನುತ್ತಾರೆ. ಆ ತುತುತು ಸದ್ದನ್ನು ಹುಡುಗರು ಸಂಗೀತದ ಹಾಗೆ ಕೇಳುತ್ತಾರೆ. ಬೂಸ್ಟ್ ತುಂಬಿರುವಾಗ ಅದು ಬಂದರೆ ಟರ್ಬೋದ ಅಚ್ಚು ಹಿಂದೆಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಸವೆಯುತ್ತಿದೆ ಅಂತ ಅರ್ಥ.

ಈಗ ರಸ್ತೆಯ ಕಾರು, ಡ್ರ್ಯಾಗ್ ಕಾರು. ಡ್ರ್ಯಾಗ್ ಓಟ ಕಾಲು ಮೈಲಿ, 402 ಮೀಟರ್. ಚಾಲಕ ನಿಂತಲ್ಲೇ ಆರ್‌ಪಿಎಂ ಏರಿಸಿ ಬೂಸ್ಟ್ ತುಂಬಿಸಿಕೊಂಡು ಹೊರಡುತ್ತಾನೆ. ಆಮೇಲೆ ಇಂಜಿನ್ ಕೆಳಗಿಳಿಯುವುದೇ ಇಲ್ಲ. ಅದು ಹೆಚ್ಚುಕಮ್ಮಿ ಮಾಸ್ ಅವರ ವಿಮಾನದ ಇಂಜಿನ್ ಥರ. ಪೇಟೆಯಲ್ಲಿ ಓಡುವ ಕಾರು ದಿನವೆಲ್ಲ 1,500ರಿಂದ 3,000ದ ನಡುವೆ ಇರುತ್ತದೆ. ಎರಡೂ ಬೇಕು ಅನ್ನುವವರು ಗೇರ್‌ಬಾಕ್ಸ್ ಲೆಕ್ಕ ಮಾಡಲೇಬೇಕು. ಮೊದಲ ಗೇರ್ ಅನುಪಾತ 3.5, ಎರಡನೆಯದು 2.0 ಇದ್ದರೆ, 6,500ರಲ್ಲಿ ಗೇರ್ ಬದಲಿಸಿದಾಗ ಇಂಜಿನ್ 3,700ಕ್ಕೆ ಬೀಳುತ್ತದೆ. ಅಂದರೆ ಟರ್ಬೋ 3,700ರೊಳಗೆ ಪೂರ್ತಿ ಎಚ್ಚರಾಗಿರಬೇಕು. 4,500ಕ್ಕೆ ಏಳುವ ಟರ್ಬೋ ಹಾಕಿದರೆ ಕಾಗದದ ಮೇಲೆ 400 ಎಚ್‌ಪಿ ಇದ್ದರೂ ಎರಡನೇ ಗೇರ್‌ನಲ್ಲಿ 280ರ ಕಾರು ಮುಂದೆ ಹೋಗುತ್ತದೆ. ಈ ಓಟ ಅದಕ್ಕೆಂದೇ ಇರುವ ಟ್ರ್ಯಾಕ್‌ನಲ್ಲಿ ಮಾತ್ರ. ಹೆದ್ದಾರಿ 48ರಲ್ಲಿ ರಾತ್ರಿ ಪಂದ್ಯ ಕಟ್ಟುವವರಿಗೆ ಈ ಲೇಖನ ಅಲ್ಲ. ಕಂಪನಿ ಕೊಟ್ಟ ಇಂಜಿನ್ ಬದಲಿಸಿ ರಸ್ತೆಗೆ ಇಳಿಸುವ ಮುಂಚೆ ಆರ್‌ಟಿಒ ನಿಯಮಗಳನ್ನೂ ನೋಡಿಕೊಳ್ಳಿ.

ಗಾತ್ರ ಸರಿಹೊಂದಿಸುವುದು ಎಷ್ಟು ಮುಖ್ಯ ಅನ್ನೋದಕ್ಕೆ ಸಾಕ್ಷಿ ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲೇ ಇತ್ತು. ಫಿಯೆಟ್‌ನ 1.3 ಲೀಟರ್ ಡೀಸೆಲ್ ಇಂಜಿನ್ ಮಾರುತಿ ಸ್ವಿಫ್ಟ್‌ನಲ್ಲಿ ಮಾಮೂಲಿ ಟರ್ಬೋ ಜೊತೆ 75 ಎಚ್‌ಪಿ ಕೊಡುತ್ತಿತ್ತು. 2,000ದ ಕೆಳಗೆ ಅದು ಎಷ್ಟು ಮಂಕು ಅಂತ ಓಡಿಸಿದವರಿಗೆಲ್ಲ ಗೊತ್ತು. ಅದೇ ಇಂಜಿನ್ ಎರ್ಟಿಗಾದಲ್ಲಿ, ರೆಕ್ಕೆಗಳ ಕೋನ ಬದಲಿಸಿಕೊಳ್ಳುವ ವಿಜಿಟಿ ಟರ್ಬೋ ಜೊತೆ 90 ಕೊಟ್ಟಿತು, ಪೂರ್ತಿ ಟಾರ್ಕ್ (ಎಳೆಯುವ ಬಲ) ಇನ್ನೂ ಕೆಳಗೆ, 1,750ರಲ್ಲೇ ಸಿಕ್ಕಿತು.

ಪೆಟ್ರೋಲ್ ಕಾರಿಗೆ ವಿಜಿಟಿ ಸಿಗುವುದು ಅಪರೂಪ, ಆ ಕೆಲಸವನ್ನು ಟರ್ಬೈನ್ ಹೌಸಿಂಗ್, ಅಂದರೆ ಟರ್ಬೈನ್ ಚಕ್ರದ ಹೊರಕವಚ, ಆರಿಸಿಕೊಂಡು ಮಾಡಬೇಕು. ಅದರ ಮೇಲೆ ಎ/ಆರ್ ಅಂತ ಒಂದು ಸಂಖ್ಯೆ ಇರುತ್ತದೆ. 0.64 ಅಂದರೆ ಹೊಗೆಯ ದಾರಿ ಕಿರಿದು, ಚಕ್ರ ಬೇಗ ಏಳುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. 0.86 ಅಂದರೆ ಉಲ್ಟಾ. ಎರಡು ಲೀಟರ್ ಇಂಜಿನ್, 285 ಎಚ್‌ಪಿ ಗುರಿ, ವಾರವೆಲ್ಲ ಊರಲ್ಲಿ ಓಡಾಟ ಅನ್ನುವವರಿಗೆ ನಾನು 60 ಮಿಲಿಮೀಟರ್ ಚಕ್ರ ಮತ್ತು 0.64 ಹೌಸಿಂಗ್ ಹೇಳುತ್ತೇನೆ. ಟ್ರ್ಯಾಕ್‌ನಲ್ಲಿ 6,000 ದಾಟಿದ ಮೇಲೆ ಕಾರು ಸಪ್ಪೆ ಅನ್ನಿಸಿದರೆ ಟರ್ಬೋ ಮಾರಬೇಡಿ, ಹೌಸಿಂಗ್ ಒಂದನ್ನೇ ಬದಲಿಸಿ ನೋಡಿ.