ಎಲ್ಲ ದೋಣಿಯೂ ಒಂದೇ ಎಂಬ ಮಾತು: ಜೆ/24 ಹಾಯಿದೋಣಿಯ ಹಿನ್ನೆಲೆ

ಹಾಯಿದೋಣಿ ರೇಸಿನಲ್ಲಿ ಮೊದಲು ಗುರಿ ಮುಟ್ಟಿದವರೇ ಗೆದ್ದರು ಎಂದು ಹೇಳಲು ಬರುವುದಿಲ್ಲ. ಬೇರೆ ಬೇರೆ ಅಳತೆಯ ದೋಣಿಗಳು ಒಟ್ಟಿಗೆ ಹೊರಟರೆ ಸಾಮಾನ್ಯವಾಗಿ ದೊಡ್ಡದೇ ಮುಂದೆ ಹೋಗುತ್ತದೆ. ಅದಕ್ಕೇ ಪ್ರತಿ ದೋಣಿಗೂ ಒಂದು ರೇಟಿಂಗ್ ಕೊಟ್ಟು, ಓಡಿದ ಸಮಯದಲ್ಲಿ ಕೂಡಿಸಿ ಕಳೆದು ಮಾಡುತ್ತಾರೆ. ಯಾರು ಗೆದ್ದರು ಅನ್ನೋದು ದಡಕ್ಕೆ ಬಂದು ಲೆಕ್ಕ ಮುಗಿದ ಮೇಲೇ ಗೊತ್ತಾಗುವುದು.

1970ರ ದಶಕದಲ್ಲಿ ಈ ಲೆಕ್ಕ ಅತಿಯಾಯಿತು. ಆಗ ಚಾಲ್ತಿಯಲ್ಲಿದ್ದ ಐಒಆರ್ ಎಂಬ ಸೂತ್ರಕ್ಕೆ ಹೊಂದುವಂತೆ ದೋಣಿಯ ಮೈಯನ್ನೇ ಅಲ್ಲಲ್ಲಿ ಉಬ್ಬಿಸಿ, ಕುಗ್ಗಿಸಿ ಕಟ್ಟುತ್ತಿದ್ದರು. ಹೊಸ ವಿನ್ಯಾಸ ಬಂದರೆ ಹಳೆಯದು ಮೂಲೆಗೆ. ದುಡ್ಡಿದ್ದವರು ಇನ್ನೊಂದು ಕಟ್ಟಿಸುತ್ತಿದ್ದರು. ಉಳಿದವರು ಹಿಂದೆ ಬೀಳುತ್ತಿದ್ದರು.

ಇದಕ್ಕೆ ಮದ್ದು ಹಳೆಯದೇ. 1887ರಲ್ಲಿ ಡಬ್ಲಿನ್ ಕೊಲ್ಲಿಯ ಕೆಲವರು ಒಂದೇ ನಕ್ಷೆಯ ಪುಟ್ಟ ದೋಣಿಗಳನ್ನು ಕಟ್ಟಿಸಿಕೊಂಡು ರೇಸು ಶುರು ಮಾಡಿದರು. ವಾಟರ್ ವ್ಯಾಗ್ ಅಂತ ಹೆಸರು. ದೋಣಿ ಎಲ್ಲರದೂ ಒಂದೇ, ಇನ್ನು ಗೆಲ್ಲುವುದು ನಡೆಸುವವರ ಕೈಚಳಕ ಮಾತ್ರ. ಇದನ್ನೇ ಒನ್-ಡಿಸೈನ್ ಎನ್ನುತ್ತಾರೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಎಂಇಜಿಯ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಹುಡುಗರು ಅಭ್ಯಾಸ ಮಾಡುವ ಆಪ್ಟಿಮಿಸ್ಟ್ ಕೂಡ ಇದೇ ಜಾತಿಯ ದೋಣಿ.

ಆದರೆ ಒಳಗೆ ಮಲಗಲು ಜಾಗವಿದ್ದು, ಐದು ಜನ ಸೇರಿ ನಡೆಸುವಂಥ, ಕಾರಿನ ಹಿಂದೆ ಟ್ರೇಲರ್ ಕಟ್ಟಿ ಬೇರೆ ಊರಿನ ರೇಸಿಗೂ ಒಯ್ಯಬಹುದಾದ ಕೀಲ್ ದೋಣಿಯಲ್ಲಿ (ಹೊಟ್ಟೆಯಡಿ ಭಾರದ ರೆಕ್ಕೆಯಿರುವ ದೋಣಿ) ಈ ಮಾತನ್ನು ಇಷ್ಟು ದೊಡ್ಡದಾಗಿ ನಡೆಸಿ ತೋರಿಸಿದ್ದು ಜೆ/24. ಅದು ಹುಟ್ಟಿದ್ದು ಒಂದು ಮನೆಯ ಗ್ಯಾರೇಜಿನಲ್ಲಿ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟೋನಿಂಗ್ಟನ್‌ನಲ್ಲಿದ್ದ ರಾಡ್ ಜಾನ್‌ಸ್ಟೋನ್ ದೋಣಿ ಪತ್ರಿಕೆಯೊಂದಕ್ಕೆ ಜಾಹೀರಾತು ತರುವ ಕೆಲಸದಲ್ಲಿದ್ದರು. ವಿನ್ಯಾಸ ಅವರಿಗೆ ಹವ್ಯಾಸ. ಸುಮ್ನೆ ತಮ್ಮ ಮನೆಯವರ ಸಲುವಾಗಿ ಒಂದು ದೋಣಿ ಕಟ್ಟಲು ಕೂತರು. ಎಷ್ಟು ಉದ್ದ, ಎಷ್ಟು ಅಗಲ ಎಂದು ತೀರ್ಮಾನಿಸಿದ್ದು ಗ್ಯಾರೇಜೇ. ಕಟ್ಟಿದ ಮೇಲೆ ಅದು ಹೊರಗೆ ಬರಬೇಕಲ್ವಾ! 1976ರಲ್ಲಿ ನೀರಿಗಿಳಿದ ಆ ದೋಣಿಯ ಹೆಸರು ರ‍್ಯಾಗ್‌ಟೈಮ್. ಆ ಬೇಸಿಗೆಯ ರೇಸುಗಳಲ್ಲಿ ಅದನ್ನು ಹಿಡಿಯುವವರೇ ಇರಲಿಲ್ಲ.

ಅವರ ಸಹೋದರ ಬಾಬ್ ಎಎಂಎಫ್ ಎಂಬ ದೊಡ್ಡ ಕಂಪನಿಯ ದೋಣಿ ವಿಭಾಗದಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದರು. ಕಂಪನಿಗೆ ಈ ದೋಣಿ ಬೇಡವಾಯಿತು. ಬಾಬ್ ಕೆಲಸ ಬಿಟ್ಟರು. 1977ರಲ್ಲಿ ಇಬ್ಬರೂ ಸೇರಿ ಜೆ ಬೋಟ್ಸ್ ಶುರು ಮಾಡಿದರು. ಎವೆರೆಟ್ ಪಿಯರ್ಸನ್ ಅವರ ಕಾರ್ಖಾನೆ ರ‍್ಯಾಗ್‌ಟೈಮ್‌ನಿಂದ ಅಚ್ಚು ತೆಗೆದು ದೋಣಿ ಎರೆಯತೊಡಗಿತು. ಒಂದು ಸಂಸಾರದ ದೋಣಿ ಹೀಗೆ ಸಾವಿರಾರಾಯಿತು. ಇವತ್ತಿಗೆ 5,500ಕ್ಕೂ ಜಾಸ್ತಿ ಜೆ/24ಗಳು ನೀರಿಗಿಳಿದಿವೆ.

ಅಳತೆ ಹೇಳಿಬಿಡುತ್ತೇನೆ. ಉದ್ದ 7.3 ಮೀಟರ್, ತೂಕ ಸುಮಾರು 1,400 ಕಿಲೋ, ಅಗಲ 2.7 ಮೀಟರ್. ಈ ಅಗಲ ಅಮೆರಿಕದ ಹೆದ್ದಾರಿಗಳ ಮಿತಿಗಿಂತ ಸ್ವಲ್ಪವೇ ಜಾಸ್ತಿ. ಹಾಗಾಗಿ ಟ್ರೇಲರ್ ಮೇಲೆ ಹೊರಟವರು ಎಷ್ಟೋ ಕಡೆ ಪರವಾನಗಿ ತೆಗೆದುಕೊಳ್ಳಬೇಕು. ಕೀಲ್ ಮೇಲೆತ್ತಲು ಬರುವುದಿಲ್ಲ, ನೀರಿಗಿಳಿಸಲು ಸಾಮಾನ್ಯವಾಗಿ ಕ್ರೇನ್ ಬೇಕು.

ಆ ಕೀಲಿನ ಹತ್ತಿರ ಸ್ವಲ್ಪ ನಿಲ್ಲೋಣ. ಎಲ್ಲವೂ ಒಂದೇ ಎಂಬ ಮಾತು ಹೆಚ್ಚು ಸವೆದಿರುವುದು ಇಲ್ಲೇ.

ಕೀಲ್ ಎಂದರೆ ದೋಣಿಯ ಹೊಟ್ಟೆಯಡಿ ನೇತಾಡುವ ಸೀಸದ ರೆಕ್ಕೆ. ದೋಣಿ ಮಗುಚದಂತೆ ಹಿಡಿಯುತ್ತದೆ, ಗಾಳಿಗೆ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಅದು ತೆಳುವಾಗಿ, ನುಣುಪಾಗಿ ಇದ್ದಷ್ಟೂ ನೀರಿನ ತಡೆ ಕಡಿಮೆ. ಎರಕದ ಸೀಸ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದು ಕಷ್ಟ. ಅದಕ್ಕೇ ನಿಯಮ ಒಂದಿಷ್ಟು ಸಡಿಲ ಬಿಟ್ಟಿತು: ಕೀಲಿನ ಗೊತ್ತಾದ ಜಾಗಗಳಲ್ಲಿ ಇಷ್ಟಕ್ಕಿಂತ ದಪ್ಪ ಇರಬಾರದು, ಇಷ್ಟಕ್ಕಿಂತ ತೆಳು ಇರಬಾರದು. ತಯಾರಿಕೆಯ ತಪ್ಪಿಗೆಂದು ಬಿಟ್ಟ ಆ ಜಾಗವೇ ಆಟದ ಅಂಗಳವಾಯಿತು. ದೋಣಿ ಕೊಂಡವರು ಕೀಲನ್ನು ಉಜ್ಜಿ, ಪುಟ್ಟಿ ಮೆತ್ತಿ, ಮತ್ತೆ ಉಜ್ಜಿ ಕನಿಷ್ಠ ಅಳತೆಯ ಅಂಚಿಗೆ ತಂದು ನಿಲ್ಲಿಸತೊಡಗಿದರು. ಇದನ್ನೇ ಕಸುಬು ಮಾಡಿಕೊಂಡವರೂ ಹುಟ್ಟಿದರು. ಕಾರ್ಖಾನೆಯಿಂದ ಬಂದಂತೆಯೇ ಇರುವ ಕೀಲಿಗೂ ಕೈಕೆಲಸದ ಕೀಲಿಗೂ ನಡುವೆ ಹೋಗುವುದು ಗಂಟೆಗಟ್ಟಲೆ ದುಡಿಮೆ, ಇಲ್ಲವೇ ದುಡ್ಡು. ನಿಯಮ ಮುರಿದಿಲ್ಲ ನಿಜ, ಆದರೂ ಸಮಾನತೆಗೆ ಇಲ್ಲಿ ಪೆಟ್ಟು ಬಿತ್ತು ಎಂದೇ ನನಗನಿಸುತ್ತದೆ.

ಬೇರೆ ನಿಯಮಗಳು ಪೆಟ್ಟು ತಿಂದು ಕಲಿತದ್ದರಿಂದ ಬಂದವು. ಮೊದಮೊದಲ ಜೆ/24ಗಳು ಜೋರುಗಾಳಿಗೆ ಪಕ್ಕಕ್ಕೆ ಮಲಗಿದಾಗ ಆಸನದ ಕೆಳಗಿನ ಪೆಟ್ಟಿಗೆಯ ಮುಚ್ಚಳ ತೆರೆದು ನೀರು ನುಗ್ಗುತ್ತಿತ್ತು. ಕೆಲವು ಮುಳುಗಿಯೂ ಹೋದವು. ಮುಚ್ಚಳಕ್ಕೆ ಚಿಲಕ ಬೇಕೇ ಬೇಕು ಎಂಬ ನಿಯಮ ಬಂತು. ಜೋರುಗಾಳಿಯಲ್ಲಿ ಅಂಚಿಗೆ ಒರಗಿ ಕೂರುವವರ ಭಾರವೂ ದೋಣಿಯನ್ನು ನೆಟ್ಟಗಿಡುತ್ತದೆ. ಹಾಗಾಗಿ ಭಾರದ ಜನರನ್ನೇ ಹುಡುಕಬಾರದೆಂದು ಎಲ್ಲರ ಒಟ್ಟು ತೂಕಕ್ಕೆ 400 ಕಿಲೋ ಮಿತಿ ಇದೆ. ಇದಕ್ಕೆಲ್ಲ ಅಡಿಪಾಯವಾಗಿರುವುದು ಒಂದು ಸೂತ್ರ: ಮಾಡಬಹುದು ಎಂದು ನಿಯಮದಲ್ಲಿ ಬರೆದಿಲ್ಲದ್ದನ್ನು ಮಾಡುವಂತಿಲ್ಲ.

ಇಷ್ಟೆಲ್ಲ ಕಟ್ಟುಪಾಡಿನಿಂದ ಏನು ಸಿಕ್ಕಿತು? ನಾವಿಕರು ಬೆಳೆದರು. ಕೆನ್ ರೀಡ್ ಆರು ಬಾರಿ ಜೆ/24 ವಿಶ್ವ ಚಾಂಪಿಯನ್ ಆದರು, ಆಮೇಲೆ ಭೂಮಿ ಸುತ್ತುವ ರೇಸಿನಲ್ಲೂ ತಂಡ ನಡೆಸಿದರು. ಅದೂ ಎಲ್ಲರಿಗೂ ಸಿಗುವ ದೋಣಿಯಲ್ಲಿ ಕಲಿತು. ಈ ಮಾತು ನನಗೆ ತುಂಬಾ ಇಷ್ಟ.

2012ರಲ್ಲಿ ಅದೇ ಕಂಪನಿ ಜೆ/70 ತಂದಿತು. ಅಗಲ 2.25 ಮೀಟರ್, ತೂಕ 800 ಕಿಲೋದ ಆಸುಪಾಸು. ಕೀಲ್ ಮೇಲೆತ್ತಬಹುದು. ಹೆದ್ದಾರಿಯ ಮಿತಿಯೊಳಗೇ ಹೋಗುತ್ತದೆ, ಕ್ರೇನ್ ಇಲ್ಲದೆ ಇಳಿಜಾರಿನಿಂದಲೇ ನೀರಿಗಿಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಸಾವಿರ ದಾಟಿತು. ಕೀಲಿನ ಜಗಳ ಮಾತ್ರ ಅಲ್ಲಿಗೂ ಹಿಂಬಾಲಿಸಿತು. 2017ರಲ್ಲಿ ಇಟಲಿಯ ಪೋರ್ಟೊ ಚೆರ್ವೊದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾಗುವ ಮುಂಚಿನ ಅಳತೆಯಲ್ಲಿ ಕೆಲವು ದೋಣಿಗಳ ಕೀಲನ್ನು ನಿಯಮ ಮೀರಿ ತಿದ್ದಿರುವುದು ಗೊತ್ತಾಯಿತು. ಅವುಗಳನ್ನು ಹೊರಗಿಟ್ಟರು. ಆ ತಂಡಗಳಿಗೆ ಬೇಸರವಾಗಿರಬಹುದು. ಆದರೆ ಮುಟ್ಟದ ಕೀಲಿನೊಂದಿಗೆ ದೂರದಿಂದ ಟ್ರೇಲರ್ ಎಳೆದುಕೊಂಡು ಬಂದವರನ್ನು ನೆನೆದರೆ, ಹೊರಗಿಟ್ಟದ್ದೇ ಸರಿ.

ಜೆ/24ರ ಕೆಲಸವೂ ಇನ್ನೂ ಮುಗಿದಿಲ್ಲ. ಹಳೆಯ ದೋಣಿಗಳಲ್ಲಿ ಕೀಲ್ ಸೇರುವ ಕಡೆ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜ ಸೇರಿಸಿದ ರಾಳ ತುಂಬಿದ್ದರು. ಅದು ನೀರು ಹೀರಿಕೊಂಡು ಮೆತ್ತಗಾಗುತ್ತದೆ. ಕಡಿಮೆ ಬೆಲೆಗೆ ಅಂಥ ದೋಣಿ ಕೊಂಡವರು ಮೊದಲು ಅದನ್ನೆಲ್ಲ ಕೆರೆದು ತೆಗೆದು, ಗಟ್ಟಿ ಫೈಬರ್‌ಗ್ಲಾಸ್ ತುಂಬಿಸುತ್ತಾರೆ. ಆಮೇಲೆ ಅಳತೆಯ ಅಚ್ಚು ಹಿಡಿದು ಕೀಲಿನ ಮುಂದೆ ಮಂಡಿಯೂರಿ ಕೂರುತ್ತಾರೆ.