ಹೊಸ ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ಜಾಸ್ತಿ, ಆದರೂ ಫೋಟೋ ಮಬ್ಬು ಯಾಕೆ?

ಓದುಗರ ಪ್ರಶ್ನೆ: 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ ಬಿಟ್ಟು 61 ಮೆಗಾಪಿಕ್ಸೆಲ್‌ನದ್ದು ತಗೊಂಡಿದ್ದೇನೆ. ಲೆನ್ಸುಗಳು ಹಳೆಯವೇ. ಕಂಪ್ಯೂಟರಿನಲ್ಲಿ ಪೂರ್ತಿ ಜೂಮ್ ಮಾಡಿದರೆ ಹಳೆಯ ಕ್ಯಾಮೆರಾದ ಫೋಟೋಗಳೇ ಶಾರ್ಪ್ ಆಗಿವೆ ಅನಿಸುತ್ತದೆ. ನನಗೆ ಬಂದಿರುವ ಪೀಸೇ ಸರಿಯಿಲ್ಲವಾ? ಅಥವಾ ಲೆನ್ಸುಗಳನ್ನೆಲ್ಲ ಬದಲಾಯಿಸಬೇಕಾ?

ಉತ್ತರ: ಪೀಸ್ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಲೆನ್ಸ್ ಕೊಳ್ಳಲು ಕೂಡ ಈಗಲೇ ಹೊರಡಬೇಡಿ. ಇಷ್ಟೊಂದು ಮೆಗಾಪಿಕ್ಸೆಲ್ ಇರುವ ಕ್ಯಾಮೆರಾ ಕೈಗೆ ಬಂದ ಮೊದಲ ಕೆಲವು ವಾರಗಳಲ್ಲಿ ಅನುಭವ ಇರುವ ಫೋಟೋಗ್ರಾಫರುಗಳಿಗೂ ಹೀಗೇ ಅನಿಸುತ್ತದೆ. ನಿಮ್ಮ ಕ್ಯಾಮೆರಾ ಹೊಸದಾಗಿ ಯಾವ ತಪ್ಪನ್ನೂ ಮಾಡುತ್ತಿಲ್ಲ. ಹಳೆಯ ಕ್ಯಾಮೆರಾ ಕಾಣದಂತೆ ಇಟ್ಟಿದ್ದ ಸಣ್ಣ ಸಣ್ಣ ಲೋಪಗಳನ್ನು ಇದು ತೋರಿಸುತ್ತಿದೆ. ಆ ಲೋಪಗಳಲ್ಲಿ ಹೆಚ್ಚಿನವನ್ನು ದುಡ್ಡು ಖರ್ಚಿಲ್ಲದೆ ಸರಿಮಾಡಬಹುದು.

ಮೊದಲು ನೀವು ಫೋಟೋ ನೋಡುತ್ತಿರುವ ರೀತಿಯನ್ನೇ ಗಮನಿಸೋಣ. ನೂರು ಪರ್ಸೆಂಟ್ ಜೂಮ್ ಅಂದರೆ ಫೋಟೋದ ಒಂದು ಪಿಕ್ಸೆಲ್‌ಗೆ ಮಾನಿಟರಿನ ಒಂದು ಪಿಕ್ಸೆಲ್. 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಇರುತ್ತವೆ. ನಿಮ್ಮ ಹಳೆಯ ಫೋಟೋ 6000 ಪಿಕ್ಸೆಲ್ ಅಗಲ. ಅದನ್ನು ಇದೇ ಅಳತೆಯಲ್ಲಿ ಪೂರ್ತಿ ಹರಡಿದರೆ ಐದೂವರೆ ಅಡಿಯ ಹತ್ತಿರ ಬರುತ್ತದೆ. ಹೊಸ ಫೋಟೋ ಸುಮಾರು 9500 ಪಿಕ್ಸೆಲ್ ಅಗಲ. ಅದು ಎಂಟೂವರೆ ಅಡಿ ದಾಟುತ್ತದೆ. ಈ ಎರಡೂ ಚಿತ್ರಗಳನ್ನು ನೀವು ಒಂದೇ ಕುರ್ಚಿಯಲ್ಲಿ ಕೂತು, ಒಂದೇ ದೂರದಿಂದ ನೋಡಿ ಹೋಲಿಸುತ್ತಿದ್ದೀರಿ. ಹೆಚ್ಚು ಹಿಗ್ಗಿಸಿದ್ದು ಹೆಚ್ಚು ಮೆತ್ತಗೆ ಕಾಣಲೇಬೇಕಲ್ವಾ?

ಹೊಸ ಫೋಟೋವನ್ನು 6000 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಅದೇ ಲೆನ್ಸ್, ಅದೇ ಬೆಳಕು, ಅದೇ ಸೆಟ್ಟಿಂಗ್ ಇದ್ದರೆ ಹೊಸದು ಹಳೆಯದಕ್ಕೆ ಸಮನಾಗಿ ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ. ನಾಯ್ಸ್ ವಿಷಯದಲ್ಲೂ ಹೀಗೆಯೇ. ನೂರು ಪರ್ಸೆಂಟ್‌ನಲ್ಲಿ ಕಾಳುಕಾಳಾಗಿ ಕಂಡದ್ದು ಒಂದೇ ಅಳತೆಗೆ ತಂದಾಗ ಹೆಚ್ಚೂಕಡಿಮೆ ಸಮ ಆಗುತ್ತದೆ. ಇದೊಂದು ಪರೀಕ್ಷೆಯಿಂದಲೇ ನಿಮ್ಮ ಅರ್ಧ ಚಿಂತೆ ಕಳೆಯಬಹುದು.

ಉಳಿದ ಅರ್ಧ ನಿಜವಾದ ಮಬ್ಬು. ಅದಕ್ಕೆ ಪಿಕ್ಸೆಲ್ ಅಳತೆ ಸ್ವಲ್ಪ ಗೊತ್ತಿರಬೇಕು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಿಮ್ಮ ಹಳೆಯ ಕ್ಯಾಮೆರಾದ ಸೆನ್ಸರಿನಲ್ಲಿ (ಬೆಳಕನ್ನು ಹಿಡಿಯುವ ಚಿಪ್) ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ ಅಗಲ ಇತ್ತು. ಹೊಸದರಲ್ಲಿ ಅದು ಸುಮಾರು 3.8. ಕ್ಲಿಕ್ ಮಾಡುವಾಗ ಕೈ ನಡುಗಿ ಸೆನ್ಸರಿನ ಮೇಲೆ ಚಿತ್ರ 6 ಮೈಕ್ರಾನ್ ಸರಿಯಿತು ಅಂದುಕೊಳ್ಳಿ. ಹಳೆಯದರಲ್ಲಿ ಅದು ಒಂದು ಪಿಕ್ಸೆಲ್ಲಿನೊಳಗೇ ಮುಗಿದುಹೋಗುತ್ತಿತ್ತು. ಹೊಸದರಲ್ಲಿ ಒಂದೂವರೆ ಪಿಕ್ಸೆಲ್ ದಾಟಿ ಹರಡುತ್ತದೆ. ನಡುಕ ಅದೇ, ಕಾಣುವುದು ಮಾತ್ರ ಜಾಸ್ತಿ. ಇನ್ನೂ ಒಂದು ಮಾತು: 24ರಿಂದ 61 ಅಂದರೆ ಎರಡೂವರೆ ಪಟ್ಟು ಅಂತ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಆದರೆ ಅಗಲದ ಲೆಕ್ಕದಲ್ಲಿ ವಿವರ ಹೆಚ್ಚುವುದು 1.6 ಪಟ್ಟು ಮಾತ್ರ. ಅಷ್ಟನ್ನಾದರೂ ಪೂರ್ತಿ ಪಡೆಯಬೇಕಾದರೆ ಉಳಿದದ್ದೆಲ್ಲ ಸರಿಯಿರಬೇಕು.

ಈ ಅನುಭವ ಹೊಸದೇನಲ್ಲ. 2012ರಲ್ಲಿ 36 ಮೆಗಾಪಿಕ್ಸೆಲ್‌ನ ನಿಕಾನ್ ಡಿ800 ಬಂತು. ಅದಕ್ಕೆ ಮುಂಚೆ 12 ಮೆಗಾಪಿಕ್ಸೆಲ್‌ನ ಡಿ700 ಹಿಡಿದಿದ್ದವರು ಒಂದೇ ಏಟಿಗೆ ಮೂರು ಪಟ್ಟು ಮೇಲೇರಿದರು. ಕೈಯಲ್ಲಿ ಹಿಡಿದು ತೆಗೆದ ಫೋಟೋ ಯಾಕೋ ಗಟ್ಟಿಯಾಗಿಲ್ಲ ಅನ್ನುವ ದೂರು ಆಗಲೂ ಕೇಳಿಬಂತು. ಆ ಕ್ಯಾಮೆರಾಕ್ಕಾಗಿ ಕಂಪನಿಯೇ ಒಂದು ಟೆಕ್ನಿಕಲ್ ಗೈಡ್ ಹೊರತಂದು ಟ್ರೈಪಾಡ್ ಬಳಸಿ, ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನಿನಲ್ಲಿ ನೋಡುತ್ತಾ) ಫೋಕಸ್ ಮಾಡಿ ಅಂತ ಸಲಹೆ ಕೊಟ್ಟಿತ್ತು. 2013ರ ಸೋನಿ ಎ7ಆರ್‌ನಲ್ಲಿ ಕ್ಲಿಕ್ ಮಾಡಿದಾಗ ಮೇಲಕ್ಕೆ ಬಡಿಯುವ ಕನ್ನಡಿ, ಅಂದರೆ ಮಿರರ್, ಇರಲಿಲ್ಲ. ಆದರೆ ಬೆಳಕನ್ನು ಬಿಟ್ಟು ತಡೆಯುವ ಶಟರ್ ಪರದೆಯ ಬಡಿತದಿಂದಲೇ ಕೆಲವು ಸ್ಪೀಡುಗಳಲ್ಲಿ ಫೋಟೋ ಅದುರುತ್ತಿತ್ತು. 2015ರಲ್ಲಿ ಬಂದ ಎ7ಆರ್ ಮಾರ್ಕ್ 2ರಲ್ಲಿ ಮೊದಲ ಪರದೆಯ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ ಮಾಡುವ ವ್ಯವಸ್ಥೆ ಸೇರಿತು. ಅದೇ ವರ್ಷ 50 ಮೆಗಾಪಿಕ್ಸೆಲ್‌ನ ಕ್ಯಾನನ್ 5ಡಿಎಸ್ ಬಂದಾಗ, ಬಡಿತ ಕಡಿಮೆ ಆಗಲಿ ಅಂತ ಅದರ ಮಿರರನ್ನು ಮೋಟಾರಿನಿಂದ ಹತೋಟಿಯಲ್ಲಿ ಎತ್ತಿ ಇಳಿಸುವಂತೆ ಮಾಡಿದ್ದರು. ಪಿಕ್ಸೆಲ್ ಚಿಕ್ಕದಾದಂತೆ ಕ್ಯಾಮೆರಾದ ಒಳಗಿನ ಅಲುಗಾಟವೂ ಲೆಕ್ಕಕ್ಕೆ ಬಂತು.

ಈಗ ನಿಮ್ಮ ಫೋಟೋಗಳಿಗೆ ಬರೋಣ. ಎಲ್ಲ ಮಬ್ಬೂ ಒಂದೇ ತರ ಇರುವುದಿಲ್ಲ. ಸುಮ್ನೆ "ಶಾರ್ಪ್ ಇಲ್ಲ" ಅಂತ ಬಿಟ್ಟುಬಿಡದೆ, ಹೇಗೆ ಮಬ್ಬಾಗಿದೆ ಅಂತ ನೋಡಿ. ಕಾರಣ ಅಲ್ಲೇ ಸಿಗುತ್ತದೆ.

ಫೋಟೋದಲ್ಲಿ ಎಲ್ಲಾದರೂ ಸಣ್ಣ ಹೊಳಪಿನ ಚುಕ್ಕೆ ಹುಡುಕಿ. ಎಲೆಯ ಮೇಲಿನ ನೀರಹನಿಯ ಮಿಂಚು, ಕಣ್ಣಿನೊಳಗಿನ ಕಿಟಕಿಯ ಬೆಳಕು, ದೂರದ ಬಲ್ಬು, ಯಾವುದಾದರೂ ಆದೀತು. ಚುಕ್ಕೆ ಚುಕ್ಕೆಯಾಗಿಯೇ ಇರದೆ ಸಣ್ಣ ಗೆರೆಯಾಗಿದ್ದರೆ, ಫೋಟೋದ ಎಲ್ಲ ಕಡೆಯೂ ಗೆರೆ ಒಂದೇ ದಿಕ್ಕಿಗೆ ಇದ್ದರೆ, ಅದು ಕೈ ನಡುಕ. ಗೋಡೆ, ನೆಲ ಎಲ್ಲ ಗಟ್ಟಿಯಾಗಿದ್ದು ಮನುಷ್ಯನ ಕೈಬೆರಳು ಮಾತ್ರ ಎಳೆದಂತಿದ್ದರೆ ಅಲುಗಿದ್ದು ಆ ಮನುಷ್ಯ. ಅಂಚುಗಳು ಎರಡೆರಡಾಗಿ, ಮೇಲೆ ಕೆಳಗೆ ಸರಿದಂತೆ ಕಂಡು, ಅದೂ ಒಂದು ಸೆಕೆಂಡಿನ 10ನೇ ಭಾಗದಿಂದ 125ನೇ ಭಾಗದ ನಡುವಿನ ಸ್ಪೀಡುಗಳಲ್ಲೇ ಹೆಚ್ಚಾಗಿ ಆಗುತ್ತಿದ್ದರೆ ಶಟರ್ ಬಡಿತದ ಮೇಲೆ ಅನುಮಾನ ಇಡಿ. ಮೆನುವಿನಲ್ಲಿ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಆಯ್ಕೆ ಇದ್ದರೆ ಆನ್ ಮಾಡಿ, ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ.

ಕೈ ನಡುಕಕ್ಕೆ ಹಳೆಯ ಸೂತ್ರವೊಂದು ಇದೆ. ಶಟರ್ ಇದಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು: 50 ಎಂಎಂ ಲೆನ್ಸಿಗೆ ಸೆಕೆಂಡಿನ 50ನೇ ಭಾಗ, 200 ಎಂಎಂಗೆ 200ನೇ ಭಾಗ. ಇದು ಫಿಲ್ಮ್ ಕಾಲದ್ದು, ಸಾಧಾರಣ ಅಳತೆಯ ಪ್ರಿಂಟ್ ನೋಡಿ ಸಾಕು ಅಂದುಕೊಂಡದ್ದು. ಎಂಟೂವರೆ ಅಡಿಗೆ ಹಿಗ್ಗಿಸಿ ನೋಡುವವರಿಗೆ ಇದು ಸಾಲುವುದಿಲ್ಲ. ಎರಡರಿಂದ ಮೂರು ಪಟ್ಟು ವೇಗ ಇಟ್ಟುಕೊಳ್ಳಿ. 50 ಎಂಎಂಗೆ 125 ಅಥವಾ 160ನೇ ಭಾಗ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) 100ರಿಂದ 400ಕ್ಕೆ ಹೋದರೂ ಪರವಾಗಿಲ್ಲ. ನಾಯ್ಸ್ ಆಮೇಲೆ ತೆಗೆಯಬಹುದು, ಅಳಿಸಿಹೋದ ವಿವರವನ್ನು ಯಾವ ಸಾಫ್ಟ್‌ವೇರೂ ಇದ್ದ ಹಾಗೇ ವಾಪಸ್ ತರಲ್ಲ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಷನ್ ಇದೆಯಲ್ಲ ಅನ್ನಬಹುದು. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿಗೆ ಇರುವವರ ಅಲುಗಾಟವನ್ನು ಅಲ್ಲ. ಗಾಳಿಗೆ ಆಡುವ ಹೂವಿಗೂ ಮಾತಾಡುತ್ತಿರುವ ಮುಖಕ್ಕೂ ಶಟರ್ ಸ್ಪೀಡ್ ಒಂದೇ ದಾರಿ.

ಫೋಕಸ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಎಷ್ಟು ದೂರದಿಂದ ಎಷ್ಟು ದೂರದವರೆಗೆ ಫೋಕಸ್‌ನಲ್ಲಿ ಇರುತ್ತದೆ ಅಂತ ಹೇಳುವ ಕೋಷ್ಟಕಗಳು, ಫೋನ್ ಆ್ಯಪ್‌ಗಳು ಇವೆ. ಅವುಗಳಲ್ಲಿ ಹೆಚ್ಚಿನವು ಫುಲ್ ಫ್ರೇಮ್‌ಗೆ 0.03 ಮಿಲಿಮೀಟರ್ ಅಗಲದ ಮಬ್ಬನ್ನೂ "ಶಾರ್ಪ್" ಅಂತಲೇ ಲೆಕ್ಕಕ್ಕೆ ಹಿಡಿಯುತ್ತವೆ. ಅದು 30 ಮೈಕ್ರಾನ್. ನಿಮ್ಮ ಹೊಸ ಸೆನ್ಸರಿನಲ್ಲಿ ಎಂಟು ಪಿಕ್ಸೆಲ್! ಆ್ಯಪ್ ಪ್ರಕಾರ ಫೋಕಸ್‌ನಲ್ಲಿ ಇರುವ ಜಾಗ ನೂರು ಪರ್ಸೆಂಟ್ ಜೂಮ್‌ನಲ್ಲಿ ಎಂಟು ಪಿಕ್ಸೆಲ್ ಅಗಲಕ್ಕೆ ಹರಡಿದ್ದರೆ ಯಾರಿಗಾದರೂ ಮಬ್ಬಾಗಿಯೇ ಕಾಣುತ್ತದೆ.

ಒಂದು ಪೋರ್ಟ್ರೇಟ್ ತಗೊಳ್ಳಿ. 85 ಎಂಎಂ ಲೆನ್ಸ್, ಎಫ್ 1.8 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಾದಂತೆ ಕಿಂಡಿ ಚಿಕ್ಕದು), ಎದುರಿನವರು ಎರಡು ಮೀಟರ್ ದೂರದಲ್ಲಿ. ಹಳೆಯ ಲೆಕ್ಕದಲ್ಲಿ ಸುಮಾರು 6 ಸೆಂಟಿಮೀಟರ್ ಆಳ ಫೋಕಸ್‌ನಲ್ಲಿ ಇರುತ್ತದೆ. ಎರಡು ಪಿಕ್ಸೆಲ್‌ಗಿಂತ ಹೆಚ್ಚು ಹರಡಬಾರದು ಅಂತ ಹಟ ಹಿಡಿದರೆ ಅದು ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಮುಖ ಸ್ವಲ್ಪ ಓರೆಯಾಗಿದ್ದರೆ ಹತ್ತಿರದ ಕಣ್ಣಿನ ರೆಪ್ಪೆಗೂದಲು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ, ಆಚೆ ಕಣ್ಣು ಆಗಲೇ ಮೆತ್ತಗೆ. ನಡುವಿನ ಪಾಯಿಂಟಿನಿಂದ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಸರಿಮಾಡಿಕೊಳ್ಳುವ ಅಭ್ಯಾಸ ಹಲವರಿಗೆ ಇದೆ. ಆ ತಿರುಗಿಸುವಿಕೆಯಲ್ಲೇ ಈ ಒಂದೂವರೆ ಸೆಂಟಿಮೀಟರ್ ಕೈತಪ್ಪುತ್ತದೆ. ಕಣ್ಣು ಗುರುತಿಸುವ ಆಟೋಫೋಕಸ್ ಇದ್ದರೆ ಬಳಸಿ. ಇಲ್ಲವಾದರೆ ಫೋಕಸ್ ಪಾಯಿಂಟನ್ನೇ ಕಣ್ಣಿನ ಮೇಲೆ ತಂದಿಡಿ. ಎಫ್ 2.8 ಮಾಡಿಕೊಂಡರೂ ಹಿನ್ನೆಲೆ ಸಾಕಷ್ಟು ಕರಗುತ್ತದೆ, ಎದೆಬಡಿತ ಕಡಿಮೆ ಆಗುತ್ತದೆ. ಫೋಕಸ್ ತಪ್ಪಿದ್ದನ್ನು ಗುರುತಿಸುವುದು ಸುಲಭ: ಕಣ್ಣು ಮಬ್ಬಾಗಿ, ಕಿವಿಯೋ ಮೂಗಿನ ತುದಿಯೋ ಗರಿಗರಿಯಾಗಿ ಇರುತ್ತದೆ. ನಡುಕದಲ್ಲಾದರೆ ಹೀಗೆ ಒಂದು ಜಾಗವೂ ಗರಿಗರಿಯಾಗಿ ಉಳಿಯುವುದಿಲ್ಲ, ಎಲ್ಲವೂ ಮಬ್ಬು.

ಅಪರ್ಚರ್, ಅಂದರೆ ಆ ಕಿಂಡಿ, ತೀರಾ ಚಿಕ್ಕದು ಮಾಡಿದರೆ ಬೇರೆ ತೊಂದರೆ. ಸಣ್ಣ ಕಿಂಡಿಯಲ್ಲಿ ಹಾದುಬರುವ ಬೆಳಕು ಸ್ವಲ್ಪ ಹರಡುತ್ತದೆ, ಅದನ್ನೇ ಡಿಫ್ರಾಕ್ಷನ್ ಅನ್ನುತ್ತಾರೆ. ಎಫ್ 8ರಲ್ಲಿ ಒಂದು ಬಿಂದು ಸುಮಾರು 11 ಮೈಕ್ರಾನ್ ಅಗಲದ ಬಿಲ್ಲೆ ಆಗುತ್ತದೆ, ಎಫ್ 16ರಲ್ಲಿ ಸುಮಾರು 21. ಹೊಸ ಸೆನ್ಸರಿನಲ್ಲಿ ಅದು ಐದಾರು ಪಿಕ್ಸೆಲ್. ಈ ಮಬ್ಬಿಗೆ ದಿಕ್ಕಿಲ್ಲ, ಫೋಟೋ ಪೂರ್ತಿ ಒಂದೇ ಸಮ ತೆಳುವಾಗಿ ಇರುತ್ತದೆ, ಶಾರ್ಪನಿಂಗ್ ಹಾಕಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಹಾಗಂತ ಎಫ್ 16 ಮುಟ್ಟಲೇಬಾರದು ಅಂತಲ್ಲ. ಕಾಲಡಿಯ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲ ಬೇಕು ಅಂದಾಗ ಅದೇ ಸರಿ. ಆಗಲೂ ಹೊಸ ಕ್ಯಾಮೆರಾ ಹಳೆಯದಕ್ಕಿಂತ ಕೆಳಗೆ ಇಳಿಯುವುದಿಲ್ಲ, ಅದರ ಲಾಭ ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ.

ಉದ್ದ ಲೆನ್ಸಿನಲ್ಲಿ ದೂರದ್ದನ್ನು ತೆಗೆಯುವವರು ಬಿಸಿಲಿನ ಗಾಳಿಯನ್ನು ಮರೆಯಬಾರದು. ಕಾದ ನೆಲದ ಮೇಲೆ ಗಾಳಿ ಅಲೆಅಲೆಯಾಗಿ ಏಳುತ್ತಿದ್ದರೆ ದೂರದ ಹಕ್ಕಿಯ ಗರಿಗಳು ಕಲಸಿದಂತೆ ಬರುತ್ತವೆ. ಒಂದರ ಹಿಂದೆ ಒಂದು ತೆಗೆದ ಫೋಟೋಗಳಲ್ಲಿ ಒಂದೊಂದು ಒಂದೊಂದು ತರ ಕಲಸಿದ್ದರೆ ಇದೇ ಕಾರಣ. ಎಷ್ಟು ಬೆಲೆಯ ಲೆನ್ಸೂ ಇದನ್ನು ತಡೆಯದು. ಬೆಳಗ್ಗೆ ಬೇಗ ಹೋಗಬೇಕು, ಇಲ್ಲವೇ ಹತ್ತಿರ ಹೋಗಬೇಕು.

  

ಇನ್ನು ಲೆನ್ಸ್. ನಿಮ್ಮ ಹಳೆಯ ಲೆನ್ಸ್ ಹೊಸ ಸೆನ್ಸರಿಗೆ ಸಾಕಾ ಅಂತ ಊಹಿಸಬೇಡಿ, ಪರೀಕ್ಷಿಸಿ. ಸಣ್ಣ ಅಕ್ಷರಗಳಿರುವ ಕೆಲವು ಅಚ್ಚಾದ ಹಾಳೆಗಳನ್ನು ಸಪಾಟಾದ ಗೋಡೆಗೆ ಅಂಟಿಸಿ, ನಡುವೆ ಒಂದು, ನಾಲ್ಕು ಮೂಲೆಗೆ ಒಂದೊಂದು. ಕ್ಯಾಮೆರಾ ಟ್ರೈಪಾಡ್ ಮೇಲೆ, ಗೋಡೆಗೆ ನೇರವಾಗಿ ಇರಲಿ. ಸ್ಟೆಬಿಲೈಸೇಷನ್ ಆಫ್, ಐಎಸ್‌ಒ 100, ಎಫ್ 5.6, ಎರಡು ಸೆಕೆಂಡಿನ ಟೈಮರ್. ಸ್ಕ್ರೀನಿನಲ್ಲಿ ಹಿಗ್ಗಿಸಿ ನಡುವಿನ ಅಕ್ಷರಗಳಿಗೆ ಕೈಯಿಂದಲೇ ಫೋಕಸ್ ಮಾಡಿ. ಈ ಫೋಟೋದಲ್ಲಿ ಸಿಕ್ಕ ವಿವರವೇ ಆ ಲೆನ್ಸ್ ಮತ್ತು ಕ್ಯಾಮೆರಾ ಜೋಡಿಯಿಂದ ಸಿಗಬಹುದಾದ ಗರಿಷ್ಠ. ಇದು ಚೆನ್ನಾಗಿದ್ದು ದಿನನಿತ್ಯದ ಫೋಟೋಗಳು ಮಾತ್ರ ಮಬ್ಬಾಗಿದ್ದರೆ ಲೆನ್ಸಿಗೆ ದುಡ್ಡು ಹಾಕಿ ಪ್ರಯೋಜನವಿಲ್ಲ, ಮೇಲೆ ಹೇಳಿದ ಕಾರಣಗಳಲ್ಲಿ ಒಂದನ್ನು ಹುಡುಕಬೇಕು. ನಡುವೆ ಚೆನ್ನಾಗಿದ್ದು ನಾಲ್ಕೂ ಮೂಲೆ ಒಂದೇ ಸಮ ಮೆತ್ತಗಿದ್ದರೆ ಅದು ಆ ಲೆನ್ಸಿನ ಮಿತಿ. ಎಫ್ 8ರಲ್ಲಿ ಇನ್ನೊಮ್ಮೆ ತೆಗೆಯಿರಿ, ಹೆಚ್ಚಾಗಿ ಸುಧಾರಿಸುತ್ತದೆ. ಪೋರ್ಟ್ರೇಟ್ ತೆಗೆಯುವವರಿಗೆ ಮೂಲೆಗಳ ಚಿಂತೆ ಬೇಡವೇ ಬೇಡ.

ಎಡಗಡೆ ಸ್ಪಷ್ಟವಾಗಿದ್ದು ಬಲಗಡೆ ಮಾತ್ರ ಕಲಸಿದಂತಿದ್ದರೆ ಕತೆ ಬೇರೆ. ಕ್ಯಾಮೆರಾ ಗೋಡೆಗೆ ಓರೆಯಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಮತ್ತೆ ತೆಗೆಯಿರಿ, ಆಮೇಲೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಿರಿ. ತಲೆಕೆಳಗಾದಾಗ ಮಬ್ಬು ಗೋಡೆಯ ಇನ್ನೊಂದು ಬದಿಗೆ ಹೋದರೆ ಗೋಡೆಯದ್ದಲ್ಲ, ಲೆನ್ಸ್ ಅಥವಾ ಕ್ಯಾಮೆರಾದ್ದು. ಬೇರೆ ಲೆನ್ಸ್ ಹಾಕಿ ನೋಡಿ. ಅದರಲ್ಲಿ ಸರಿಯಿದ್ದರೆ ಮೊದಲ ಲೆನ್ಸಿನ ಗಾಜು ಜಾಗ ತಪ್ಪಿದೆ. ಎಲ್ಲ ಲೆನ್ಸುಗಳಲ್ಲೂ ಅದೇ ಬದಿ ಹಾಳಾಗಿದ್ದರೆ ಮಾತ್ರ ಕ್ಯಾಮೆರಾವನ್ನು ಅನುಮಾನಿಸಬೇಕು. ಆಗ ವಾರಂಟಿ ಮುಗಿಯುವ ಮುಂಚೆ ಸರ್ವಿಸ್ ಸೆಂಟರಿಗೆ ಹೋಗಿ, ಈ ಪರೀಕ್ಷೆಯ ರಾ ಫೈಲುಗಳನ್ನು (ಕ್ಯಾಮೆರಾ ಉಳಿಸಿದ ಮೂಲ ಫೈಲು) ತೋರಿಸಿ.