ಗಂಡ ಒಲೆ ಮುಂದೆ, ಹೆಂಡತಿ ಪಡಸಾಲೆಯಲ್ಲಿ: ಇಂಥ ಫ್ರೆಂಚ್ ಊಟಕ್ಕೆ ನಾವು ಹೋಗಬಹುದೇ?

ಪ್ರಶ್ನೆ: ಮಗಳು ಲಿಯಾನ್‌ನಲ್ಲಿ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಅಲ್ಲಿಗೆ ಹೊರಟಿದ್ದೇವೆ. ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬುತ್ತದೆ ಅಂತ ಒಂದು ಸಣ್ಣ ಫೈನ್ ಡೈನಿಂಗ್ ರೆಸ್ಟೋರೆಂಟಿನಲ್ಲಿ ಟೇಬಲ್ ಹಿಡಿದಿದ್ದಾಳೆ. ಗಂಡ-ಹೆಂಡತಿ ಇಬ್ಬರೇ ನಡೆಸುತ್ತಾರಂತೆ. ‘ಅಪ್ಪ, ಅದು ತುಂಬಾ ಆರಾಮದ ಜಾಗ, ಸುಮ್ಮನೆ ಬನ್ನಿ’ ಅನ್ನುತ್ತಾಳೆ. ನನಗೆ ಮಾತ್ರ ಅಳುಕು. ಯಾವ ಫೋರ್ಕು ಯಾವುದಕ್ಕೆ ಅಂತಲೂ ಗೊತ್ತಿಲ್ಲ. ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಂಥ ಕಡೆ ಹೇಗೆ ನಡೆದುಕೊಳ್ಳಬೇಕು?

ಉತ್ತರ: ಧೈರ್ಯವಾಗಿ ಹೋಗಿ. ಬೇಸಿಗೆ ರಜೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ, ಎಲ್ಲರ ಅಳುಕೂ ಚಾಕು-ಫೋರ್ಕಿನದೇ. ಅಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಎರಡು ಸಂಗತಿ: ನೀವು ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಎಂದು ಮುಂಚೆಯೇ ತಿಳಿಸುವುದು, ಮತ್ತು ಹೇಳಿದ ಹೊತ್ತಿಗೆ ಹೋಗುವುದು. ಯಾರದೋ ಮನೆಗೆ ಊಟಕ್ಕೆ ಕರೆದಾಗ ಹೇಗೆ ಹೋಗುತ್ತೀರೋ ಹಾಗೆ ಹೋದರೆ ಮಿಕ್ಕಿದ್ದನ್ನು ಮನೆಯೊಡತಿ ನೋಡಿಕೊಳ್ಳುತ್ತಾರೆ.

ನಿಮ್ಮ ಕಣ್ಣ ಮುಂದಿರುವ ಚಿತ್ರ ಬಹುಶಃ ಕರಿ ಕೋಟು ತೊಟ್ಟು ಸಾಲಾಗಿ ನಿಂತ ಮಾಣಿಗಳದ್ದು. ಅದು ದೊಡ್ಡ ಹೋಟೆಲುಗಳಿಂದ ಬಂದ ಚಿತ್ರ. 1890ರ ದಶಕದಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಅಡುಗೆಮನೆ ನಡೆಸಿದ ಒಗಸ್ತ್ ಎಸ್ಕೋಫಿಯೆ ಅಡುಗೆಯವರನ್ನು ಸೈನ್ಯದ ತುಕಡಿಯ ಹಾಗೆ ಜೋಡಿಸಿದರು. ಸಾಸಿಗೆ ಒಬ್ಬ, ಹುರಿಯುವುದಕ್ಕೆ ಒಬ್ಬ, ತರಕಾರಿಗೆ ಒಬ್ಬ, ಸಿಹಿಗೆ ಒಬ್ಬ. ದೊಡ್ಡ ರೆಸ್ಟೋರೆಂಟುಗಳು ಇವತ್ತಿಗೂ ನಡೆಯುವುದು ಹಾಗೆಯೇ.

ಫ್ರಾನ್ಸಿನ ಸಣ್ಣ ಊರುಗಳಲ್ಲಿ ಬೆಳೆದ ಪದ್ಧತಿ ಬೇರೆ. ಒಬ್ಬರು ಒಲೆಯ ಮುಂದೆ, ಇನ್ನೊಬ್ಬರು ಊಟದ ಕೋಣೆಯಲ್ಲಿ. ಆ ಕೋಣೆಗೆ ಅವರು ‘ಸಾಲ್’ ಅನ್ನುತ್ತಾರೆ. ನನ್ನ ಕಿವಿಗೆ ಅದು ನಮ್ಮ ಪಡಸಾಲೆಯ ಹಾಗೇ ಕೇಳುತ್ತದೆ, ಕೆಲಸವೂ ಅದೇ: ಬಂದವರನ್ನು ಕೂರಿಸುವುದು, ಮಾತಾಡಿಸುವುದು. ಲಿಯಾನ್‌ನಿಂದ ಬಹಳ ದೂರವಿಲ್ಲದ ರೊವಾನ್ ಪಟ್ಟಣದಲ್ಲಿ, ರೈಲ್ವೆ ಸ್ಟೇಷನ್ ಎದುರಿನ ಸಣ್ಣ ಹೋಟೆಲೊಂದನ್ನು 1930ರಲ್ಲಿ ಜ್ಯಾಂ-ಬಾತಿಸ್ತ್ ಮತ್ತು ಮರಿ ತ್ರ್ವಾಗ್ರೊ ದಂಪತಿ ತೆಗೆದುಕೊಂಡರು. ಅಲ್ಲಿ ಒಲೆ ಹೆಂಡತಿಯದು, ಪಡಸಾಲೆ ಮತ್ತು ವೈನಿನ ನೆಲಮಾಳಿಗೆ ಗಂಡನದು. ಮಕ್ಕಳ ಕಾಲಕ್ಕೆ, 1968ರಲ್ಲಿ, ಅದೇ ಮನೆಗೆ, ರೆಸ್ಟೋರೆಂಟುಗಳಿಗೆ ದರ್ಜೆ ಕೊಡುವ ಮಿಷೆಲಿನ್ ಗೈಡಿನ ಅತಿ ದೊಡ್ಡ ಮನ್ನಣೆಯಾದ ಮೂರು ಸ್ಟಾರ್ ಬಂತು. 2017ರಲ್ಲಿ ಪಕ್ಕದ ಊಶ್ ಎಂಬ ಹಳ್ಳಿಗೆ ಜಾಗ ಬದಲಿಸಿದರೂ ಅದು ಇಂದಿಗೂ ಆ ಕುಟುಂಬದ ಕೈಯಲ್ಲೇ ಇದೆ. ಬ್ರಿಟನಿ ಕರಾವಳಿಯ ಕಾಂಕಾಲ್‌ನಲ್ಲಿ ಒಲಿವಿಯೆ ಮತ್ತು ಜೇನ್ ರೋಲಾಂಜೆ 1982ರಲ್ಲಿ ರೆಸ್ಟೋರೆಂಟ್ ತೆರೆದದ್ದಂತೂ ಒಲಿವಿಯೆ ಹುಟ್ಟಿ ಬೆಳೆದ ಮನೆಯಲ್ಲೇ. ಪಕ್ಕದ ಸ್ಯಾಂ ಮಾಲೊ ಬಂದರಿನಿಂದ ಹಿಂದೆ ಹಡಗುಗಳು ನಮ್ಮ ಕಡಲ ತೀರಗಳಿಗೆ ಮೆಣಸು, ಏಲಕ್ಕಿ ಹುಡುಕಿಕೊಂಡು ಬರುತ್ತಿದ್ದವು. ಆ ನೆನಪಿಗೆ ಒಲಿವಿಯೆ ಮಸಾಲೆ ಬೆರೆಸಿದ ಮೀನಿನ ಅಡುಗೆಯೊಂದನ್ನು ಕಟ್ಟಿ ಅದಕ್ಕೆ ‘ಇಂಡೀಸಿನಿಂದ ಮರಳಿದ್ದು’ ಎಂಬರ್ಥದ ಹೆಸರಿಟ್ಟರು.

ಆರಾಮದ ಜಾಗ, ಆದರೆ ಉನ್ನತ ಮಟ್ಟದ ಅಡುಗೆ ಅನ್ನುವ ಈಗಿನ ರೂಪಕ್ಕೆ 1992 ಮುಖ್ಯ ವರ್ಷ. ಕ್ರಿಯೋಂ ಎಂಬ ಅರಮನೆಯಂಥ ಹೋಟೆಲಿನಲ್ಲಿ ಪಳಗಿದ ಈವ್ ಕಾಂದ್‌ಬೋರ್ದ್ ಆ ವರ್ಷ ಪ್ಯಾರಿಸ್ಸಿನ ಅಂಚಿನಲ್ಲಿ ‘ಲಾ ರೆಗಾಲಾದ್’ ತೆರೆದರು. ಅಡುಗೆ ದೊಡ್ಡ ಹೋಟೆಲಿನದು, ಕೋಣೆ ಮಾತ್ರ ಸಾದಾ, ಬೆಲೆಯೂ ಕೈಗೆಟುಕುವಂಥದ್ದು. 2004ರ ಹೊತ್ತಿಗೆ ಈ ಬಗೆಗೆ ‘ಬಿಸ್ತ್ರೊನೊಮಿ’ ಅನ್ನುವ ಹೆಸರು ಬಂತು. ಹಾಗಾಗಿ ಸ್ಟಾರ್ ಇರುವ ಕಡೆಯೂ ಬರಿಯ ಮರದ ಮೇಜು, ಜೀನ್ಸ್ ತೊಟ್ಟ ಅತಿಥಿಗಳು ಕಂಡರೆ ಆಶ್ಚರ್ಯಪಡಬೇಡಿ. 1926ರಿಂದ ಸ್ಟಾರ್ ಕೊಡುತ್ತಿರುವ ಮಿಷೆಲಿನ್‌ನವರು ಅದನ್ನು ತಟ್ಟೆಯಲ್ಲಿರುವ ಅಡುಗೆ ನೋಡಿ ಕೊಡುತ್ತಾರೆಯೇ ಹೊರತು ಮೇಜುಬಟ್ಟೆ ನೋಡಿ ಕೊಡುವುದಿಲ್ಲ. ನಿಮ್ಮ ಬಟ್ಟೆಯ ವಿಷಯವೂ ಇಷ್ಟಕ್ಕೇ ಮುಗಿಯಿತು: ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು ಸಾಕು, ಟೈ ಬೇಡ. ನಿಮ್ಮ ಹೆಂಡತಿ ರೇಷ್ಮೆ ಸೀರೆ ಉಡಲಿ, ಮೂವತ್ತನೇ ವರ್ಷವಲ್ಲವೇ.

ಈಗ ಬುಕಿಂಗ್ ವಿಷಯ. ಹದಿನೆಂಟು ಜನ ಕೂರುವ ಜಾಗ ಅಂದುಕೊಳ್ಳಿ. ಸಂಜೆಗೆ ಒಂದೇ ಪಂಕ್ತಿ, ನಿಮಗೆ ಕೊಟ್ಟ ಟೇಬಲ್ಲಿಗೆ ಆಮೇಲೆ ಇನ್ನೊಬ್ಬರನ್ನು ಕೂರಿಸುವುದಿಲ್ಲ. ಇಬ್ಬರು ಹೇಳದೆ ತಪ್ಪಿಸಿಕೊಂಡರೆ ಆ ದಿನದ ಸಂಪಾದನೆಯಲ್ಲಿ ಒಂಬತ್ತನೇ ಒಂದು ಪಾಲು ಹೋಯಿತು. ತರಕಾರಿ, ಮೀನು ತಂದಿರುವುದು ಬರುವವರ ತಲೆ ಎಣಿಸಿಯೇ. ಅದಕ್ಕೇ ಬುಕ್ ಮಾಡುವಾಗ ಕಾರ್ಡ್ ನಂಬರ್ ಕೇಳುತ್ತಾರೆ, ಅದಕ್ಕೇ ಆಯ್ಕೆ ಇಲ್ಲದ ಒಂದೇ ಊಟವನ್ನು ಎಲ್ಲರಿಗೂ ಬಡಿಸುತ್ತಾರೆ. ಇಬ್ಬರೇ ಸೇರಿ ಮೂವತ್ತು ಬಗೆಯನ್ನು ಚೆನ್ನಾಗಿ ಮಾಡಲಾಗದು, ಆರು ಬಗೆಯನ್ನು ಅದ್ಭುತವಾಗಿ ಮಾಡಬಹುದು. ಏಳೂವರೆ ಅಂದರೆ ಏಳೂವರೆಗೆ ಹೋಗಿ. ಅರ್ಧ ಗಂಟೆ ಮುಂಚೆ ಹೋದರೆ ಬಾಗಿಲು ಹಾಕಿರುತ್ತದೆ, ಅವರೂ ಆಗ ತಾನೇ ಕೂತು ಊಟ ಮಾಡುತ್ತಿರುತ್ತಾರೆ. ರಾತ್ರಿ ತಡವಾಗಿ ಉಂಡರೆ ನಿಮಗಾಗದು ಎಂದಾದರೆ ಮಧ್ಯಾಹ್ನಕ್ಕೆ ಬದಲಿಸಲು ಮಗಳಿಗೆ ಹೇಳಿ. ಅದೇ ಕೈ, ಅದೇ ಒಲೆ, ಸಾಮಾನ್ಯವಾಗಿ ಬೆಲೆಯೂ ಕಡಿಮೆ.

ನಿಮ್ಮ ಪ್ರಶ್ನೆಯಲ್ಲಿ ನಿಜಕ್ಕೂ ಗಮನ ಕೊಡಬೇಕಾದದ್ದು ಮೊಟ್ಟೆಯ ಮಾತು. ಫ್ರೆಂಚ್ ಅಡುಗೆಯಲ್ಲಿ ಮಾಂಸ ಕಣ್ಣಿಗೆ ಕಾಣದ ಕಡೆಯೂ ಇರುತ್ತದೆ. ಅಲ್ಲಿನ ಸಾಸಿನ ಬುಡವೇ ಮೂಳೆಯ ಸಾರು. ಮೂಳೆಗಳನ್ನು ಓವನ್ನಿನಲ್ಲಿ ಕಂದು ಬಣ್ಣಕ್ಕೆ ಹುರಿದು, ಈರುಳ್ಳಿ, ಕ್ಯಾರೆಟ್, ಸೆಲರಿ ಸೇರಿಸಿ, ನೀರು ತುಂಬಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ನೊರೆ ತೆಗೆಯುತ್ತಾರೆ, ಸೋಸುತ್ತಾರೆ, ಮತ್ತೆ ಬತ್ತಿಸುತ್ತಾರೆ. ಕೊಳಗದಷ್ಟಿದ್ದದ್ದು ಚೊಂಬಿನಷ್ಟಾಗುತ್ತದೆ, ತಣ್ಣಗಾದ ಮೇಲೆ ಹಾಲುಬಾಯಿಯ ಹಾಗೆ ಅಲುಗುತ್ತದೆ. ಅದರ ಒಂದು ಚಮಚ ಬಟಾಣಿಗೂ ಬೀಳಬಹುದು, ಅಣಬೆಗೂ ಬೀಳಬಹುದು. ಲಯೋಲ್ ಎಂಬ ಊರಿನಲ್ಲಿ ಹೆಂಡತಿ ಜಿನೆತ್ ಜೊತೆ ರೆಸ್ಟೋರೆಂಟ್ ಕಟ್ಟಿದ ಮಿಷೆಲ್ ಬ್ರಾಸ್ ಅವರ ‘ಗಾರ್ಗುಯೂ’ ಲೋಕಪ್ರಸಿದ್ಧವಾದ ತರಕಾರಿ ಅಡುಗೆ. ಹತ್ತಾರು ಬಗೆಯ ಎಳೆ ತರಕಾರಿ, ಸೊಪ್ಪು, ಹೂವುಗಳನ್ನು ಒಂದೊಂದಾಗಿ ಬೇಯಿಸಿ ಜೋಡಿಸಿದ್ದು. ಅದರ ಮೂಲ ಪಾಕದಲ್ಲೂ ರುಚಿಗೆ ಹಂದಿಮಾಂಸದ ಹ್ಯಾಮ್ ತುಂಡು ಇದೆ.

ಚೀಸಿನ ಕಥೆಯೂ ಅಷ್ಟೇ. ಕೊಂತೆಯಂಥ ಸಾಂಪ್ರದಾಯಿಕ ಚೀಸಿಗೆ ಹಾಲು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ. ಸಿಹಿಗೆ ಬಂದರೆ ಕ್ರೆಮ್ ಬ್ರೂಲೆಯಲ್ಲಿ ಹಳದಿ ಲೋಳೆ, ಮೆರಾಂಗ್ ಮತ್ತು ಮ್ಯಾಕರೋನ್‌ನಲ್ಲಿ ಬಿಳಿ ಲೋಳೆ, ಬವರ್ವಾ ಎಂಬ ಕ್ರೀಮಿನ ಸಿಹಿಯಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್. ಅಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಸೇರುತ್ತದೆ ಅಂತಲೇ ಅರ್ಥ, ಕೆಲವರು ಮೀನೂ ಸೇರುತ್ತದೆ ಅಂದುಕೊಂಡಿರುತ್ತಾರೆ. ಹೀಗಾಗಿ ಆ ಒಂದು ಪದವನ್ನು ನಂಬಿ ಕೂರಬೇಡಿ.

ಮಗಳು ಕನಿಷ್ಠ ಒಂದು ವಾರ ಮುಂಚೆ ಅವರಿಗೆ ಬರೆಯಲಿ. ಬೇಡದ್ದನ್ನು ಹೆಸರು ಹಿಡಿದು ಹೇಳಲಿ: ಮಾಂಸ, ಕೋಳಿ, ಮೀನು, ಸಿಗಡಿ, ಮೂಳೆಯ ಸಾರು, ಜೆಲಟಿನ್, ಮೊಟ್ಟೆ. ಇಲ್ಲಿಗೆ ಪತ್ರ ನಿಲ್ಲಿಸಿದರೆ ಅವರು ವೀಗನ್ ಅಂದುಕೊಂಡು ಹಾಲು-ಬೆಣ್ಣೆಯನ್ನೂ ಕೈಬಿಡುತ್ತಾರೆ. ಆದ್ದರಿಂದ ಆಗುವುದನ್ನೂ ಬರೆಯಬೇಕು: ಹಾಲು, ಬೆಣ್ಣೆ, ಕ್ರೀಮ್, ಮೊಸರು, ಬೇಳೆಕಾಳು, ಅಣಬೆ ಎಲ್ಲ ಆಗುತ್ತದೆ. ಸಾಸಿನಲ್ಲಿ ವೈನ್ ಬಿದ್ದರೆ ಪರವಾಗಿಲ್ಲವೋ ಇಲ್ಲವೋ ಅದನ್ನೂ ಸೇರಿಸಲಿ, ರೆನೆಟ್ ಬೇಡವಾದರೆ ಅದನ್ನೂ. ಈರುಳ್ಳಿ, ಬೆಳ್ಳುಳ್ಳಿಯೂ ಬೇಡ ಎನ್ನುವ ಮನೆಯವರಾದರೆ ನೇರವಾಗಿ ಕೇಳಿಬಿಡಿ, ಆಗದು ಅಂದರೆ ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ಅಡುಗೆ ಶುರುವಾಗುವುದೇ ಸಣ್ಣ ಈರುಳ್ಳಿಯಿಂದ.

ಮುಂಚೆ ತಿಳಿದರೆ ಅವರಿಗೆ ದಾರಿ ಇದೆ, ಅದರಲ್ಲೂ ನೀವು ಹೋಗುವುದು ಮೇ ತಿಂಗಳಲ್ಲಿ. ಆಗ ಬಿಳಿ ಆಸ್ಪರಾಗಸ್ ಬರುತ್ತದೆ, ಎಳೆ ಬಟಾಣಿ ಬರುತ್ತದೆ, ಕಾಶ್ಮೀರದವರು ಗುಚ್ಛಿ ಅನ್ನುವ ಮೊರೆಲ್ ಅಣಬೆ ಸಿಗುತ್ತದೆ. ಲ್ವಾರ್ ನದಿಯ ಕಡೆಯಿಂದ ಬಂದ ‘ಬರ್ ಬ್ಲಾಂ’ ಎಂಬ ಸಾಸು ಇದೆ. ಸಣ್ಣ ಈರುಳ್ಳಿಯನ್ನು ಬಿಳಿ ವೈನ್, ವಿನಿಗರ್‌ನಲ್ಲಿ ಬತ್ತಿಸಿ, ತಣ್ಣನೆ ಬೆಣ್ಣೆಯನ್ನು ತುಂಡು ತುಂಡಾಗಿ ಹಾಕಿ ಕಡೆದರೆ ಆಯಿತು, ಮೂಳೆಯ ಹಂಗಿಲ್ಲ. ಪ್ಯಾರಿಸ್ಸಿನ ಅಲ್ಯಾಂ ಪಸಾರ್ 2001ರಲ್ಲೇ ಕೆಂಪು ಮಾಂಸ ಬಿಟ್ಟು ತರಕಾರಿಯನ್ನು ಊಟದ ನಡುವೆ ತಂದು ಕೂರಿಸಿದವರು. 2025ರಲ್ಲಿ ಅವರ ಅಡುಗೆಮನೆ ಜೇನುತುಪ್ಪವೊಂದನ್ನು ಬಿಟ್ಟು ಪೂರಾ ಸಸ್ಯಮೂಲದ್ದಾಯಿತು. ಅಂದಮೇಲೆ ಅಲ್ಲಿನ ಅಡುಗೆಯವರಿಗೆ ತರಕಾರಿಯ ಊಟ ಹೊಸದೇನಲ್ಲ. ಅವರಿಗೆ ಬೇಕಾದದ್ದು ಒಂದೆರಡು ದಿನದ ತಯಾರಿ. ಟೇಬಲ್ಲಿನಲ್ಲಿ ಕೂತ ಮೇಲೆ ಹೇಳಿದರೆ ನಿಮ್ಮವರಿಗೆ ಸಿಗುವುದು ಸೊಪ್ಪಿನ ಸಲಾಡು, ಒಳಗಿರುವ ಅಡುಗೆಯವರಿಗೂ ನೋವು.

ಒಮ್ಮೆ ಬರ್ಗಂಡಿಯ ಹಳ್ಳಿಯೊಂದರಲ್ಲಿ ನಾನು ಕೂತ ಜಾಗಕ್ಕೆ ಅಡುಗೆಮನೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಒಳಗೆ ಗಂಡ, ಹೊರಗೆ ಹೆಂಡತಿ. ಆಕೆ ತಟ್ಟೆಯ ತಳ ಮುಟ್ಟಿ ಬಿಸಿ ಇದೆಯೇ ನೋಡುತ್ತಿದ್ದರು, ಅಂಚಿಗೆ ಬಿದ್ದ ಒಂದು ಹನಿ ಸಾಸನ್ನು ಬಿಳಿ ಬಟ್ಟೆಯಿಂದ ಒರೆಸಿ ಆಮೇಲೆ ಎತ್ತಿಕೊಳ್ಳುತ್ತಿದ್ದರು. ನಮ್ಮ ಎರಡನೇ ಬಗೆ ಬರುವುದು ತಡವಾಯಿತು. ಆಕೆ ಬಂದು, ಸಾಸಿನ ಬೆಣ್ಣೆ ಒಡೆದುಹೋಯಿತು, ಮತ್ತೆ ಮಾಡುತ್ತಿದ್ದಾರೆ, ಹತ್ತು ನಿಮಿಷ ಕೊಡಿ ಅಂದರು. ಆ ಮಾತು ಕೇಳಿದ ಮೇಲೆ ನನ್ನೊಳಗಿದ್ದ ಬಿಗುವೆಲ್ಲ ಸಡಿಲವಾಯಿತು. ನಮ್ಮಮ್ಮ ಮಜ್ಜಿಗೆ ಹುಳಿ ಒಡೆದ ದಿನ ಊಟಕ್ಕೆ ಕೂತವರ ಮುಂದೆ ಇದೇ ದನಿಯಲ್ಲಿ ಹೇಳುತ್ತಿದ್ದರು.

ಇನ್ನು ಟೇಬಲ್ಲಿನ ಮಾತು. ಒಳಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’, ಸಂಜೆಯಾದರೆ ‘ಬೋಂಸ್ವಾರ್’ ಅನ್ನಿ. ಇದನ್ನು ಹೇಳದೆ ನೇರ ವಿಷಯಕ್ಕೆ ಬಂದರೆ ಅಲ್ಲಿ ಒರಟುತನ. ಸಣ್ಣ ಜಾಗಗಳಲ್ಲಿ ಸಾಮಾನ್ಯವಾಗಿ ಒಂದೊಂದು ಬಗೆಗೂ ಚಾಕು-ಫೋರ್ಕು ಬದಲಿಸುತ್ತಾರೆ, ಎಲ್ಲವನ್ನೂ ಒಟ್ಟಿಗೆ ಇಟ್ಟಿದ್ದರೆ ಹೊರಗಿನಿಂದ ಒಳಕ್ಕೆ ತೆಗೆದುಕೊಂಡು ಬನ್ನಿ. ತಿಂದಾದ ಮೇಲೆ ಎರಡನ್ನೂ ತಟ್ಟೆಯಲ್ಲಿ ಅಕ್ಕಪಕ್ಕ ಸೇರಿಸಿಡಿ, ಮುಗಿಯಿತು ಅಂತ ಅವರಿಗೆ ತಿಳಿಯುತ್ತದೆ. ಬ್ರೆಡ್ಡಿಗೆ ಬೇರೆ ತಟ್ಟೆ ಇಲ್ಲದಿದ್ದರೆ ಮೇಜಿನ ಮೇಲೇ ಇಡಬಹುದು. ಕೊನೆಗೆ ಉಳಿದ ಸಾಸನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ತಿನ್ನಿ, ಇಂಥ ಜಾಗದಲ್ಲಿ ಅದನ್ನು ಕಂಡರೆ ಅಡುಗೆಯವರಿಗೆ ಸಂತೋಷ. ವೈನ್ ಕುಡಿಯಲೇಬೇಕೆಂದಿಲ್ಲ. ‘ಕರಾಫ್ ದೋ’ ಅಂದರೆ ಹೂಜಿಯಲ್ಲಿ ನಲ್ಲಿ ನೀರು ತರುತ್ತಾರೆ, ಅದಕ್ಕೆ ದುಡ್ಡಿಲ್ಲ. ಒಂದು ತಮಾಷೆಯ ಗೊಂದಲವಿದೆ: ಅಲ್ಲಿ ‘ಮೆನ್ಯು’ ಅಂದರೆ ಗೊತ್ತಾದ ಬೆಲೆಯ ಪೂರ್ತಿ ಊಟ, ನಾವು ಮೆನು ಅನ್ನುವ ಪಟ್ಟಿಗೆ ಅವರು ‘ಕಾರ್ತ್’ ಅನ್ನುತ್ತಾರೆ. ಚೀಸು ಬರುವುದು ಸಿಹಿಗಿಂತ ಮೊದಲು. ಕಾಫಿ ಸಿಹಿಯೂ ಮುಗಿದ ಮೇಲೆ, ಹಾಲಿಲ್ಲದೆ, ಪುಟ್ಟ ಕಪ್ಪಿನಲ್ಲಿ.

ಊಟಕ್ಕೆ ಮೂರು ಗಂಟೆ ಹಿಡಿಯಬಹುದು. ಫ್ರೆಂಚರ ಈ ಸಾವಧಾನದ ಊಟವನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು, ಒಟ್ಟಿಗೆ ಕೂತು ಮಾತಾಡುವುದೂ ಅದರ ಭಾಗ. ಬಿಲ್ಲನ್ನು ಅವರಾಗಿ ತರುವುದಿಲ್ಲ. ತಂದಿಟ್ಟರೆ ಎದ್ದು ಹೋಗಿ ಅಂದಂತಾಗುತ್ತದೆ ಅನ್ನುವ ಸಂಕೋಚ ಅವರಿಗೆ. ನೀವೇ ‘ಲಾದಿಸ್ಯೋಂ, ಸಿಲ್ ವು ಪ್ಲೆ’ ಅಂತ ಕೇಳಬೇಕು. ತೆರಿಗೆ, ಬಡಿಸಿದ್ದರ ಶುಲ್ಕ ಎಲ್ಲವೂ ಬೆಲೆಯಲ್ಲೇ ಸೇರಿರುತ್ತವೆ, ಟಿಪ್ಸ್ ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಕೊನೆಯಲ್ಲಿ ಬಹಳ ಕಡೆ ಅಡುಗೆಯವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಟೇಬಲ್ಲಿನ ಹತ್ತಿರ ನಿಲ್ಲುತ್ತಾರೆ. ‘ಸೆತೆ ತ್ರೆ ಬೋಂ’, ತುಂಬ ಚೆನ್ನಾಗಿತ್ತು, ಅಂದರೆ ಸಾಕು. ಆದರೆ ನಿಮ್ಮ ಹೆಂಡತಿಗೆ ಯಾವುದು ಹಿಡಿಸಿತೋ ಅದರ ಹೆಸರು ಹೇಳಿ, ಬಟಾಣಿಯೋ ಅಣಬೆಯೋ. ಅವರೊಬ್ಬರಿಗಾಗಿಯೇ ಬೇರೆ ಪಾತ್ರೆ ಇಟ್ಟು ಮಾಡಿದವರಿಗೆ ಅದು ತಲುಪಬೇಕು.

ಮಗಳಿಗೆ ಇವತ್ತೇ ಫೋನ್ ಮಾಡಿ. ಪತ್ರದಲ್ಲಿ ಮೂವತ್ತನೇ ವರ್ಷದ ಮಾತನ್ನೂ ಬರೆಯಲಿ, ಮೊಟ್ಟೆಯ ಮಾತನ್ನು ಮರೆಯದಿರಲಿ.